ಶಾಲೆಯ ಚಾವಣಿಗೆ ಬಿದ್ದ ಮಳೆ ಯಾವ ವಿಷಯದ ಪಾಠ?

‘ನೀರನ್ನು ಮಿತವಾಗಿ ಬಳಸುವ ನಾಲ್ಕು ವಿಧಾನಗಳನ್ನು ಬರೆಯಿರಿ.’ ಪ್ರಾಥಮಿಕ ಶಾಲೆಯ ಪ್ರಶ್ನೆಪತ್ರಿಕೆಗಳಲ್ಲಿ ಇಂಥ ಪ್ರಶ್ನೆ ತಪ್ಪದೆ ಬರುತ್ತದೆ. ಚಳ್ಳಕೆರೆ ಸೀಮೆಯ ಹುಡುಗಿಯೊಬ್ಬಳು ಕಲಿತದ್ದನ್ನು ಕಲಿತಂತೆ ಬರೆಯುತ್ತಾಳೆ: ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಬೇಕು, ಷವರ್ ಬಿಟ್ಟು ಬಕೆಟ್‌ನಲ್ಲಿ ಸ್ನಾನ ಮಾಡಬೇಕು, ಸೋರುವ ನಲ್ಲಿ ರಿಪೇರಿ ಮಾಡಿಸಬೇಕು, ವಾಹನ ತೊಳೆಯಲು ಪೈಪ್ ಬಳಸಬಾರದು. ನಾಲ್ಕಕ್ಕೆ ನಾಲ್ಕು ಅಂಕ. ಅವಳ ಮನೆಯಲ್ಲಿ ಷವರ್ ಇಲ್ಲ, ಕಾರೂ ಇಲ್ಲ. ಬೀದಿ ನಲ್ಲಿಗೆ ನೀರು ಬಿಡುವ ದಿನ ಅವಳು ಕೊಡ ಹಿಡಿದು ಸಾಲಿನಲ್ಲಿ ನಿಂತು, ಅಕ್ಕಿ ತೊಳೆದ ನೀರನ್ನು ದನಕ್ಕಿಟ್ಟು, ಪಾತ್ರೆ ತೊಳೆದ ನೀರನ್ನು ಹಿತ್ತಲ ಬಾಳೆಗೆ ಹಾಕಿ ಶಾಲೆಗೆ ಬಂದವಳು. ನೀರಿನ ಮಿತವ್ಯಯದಲ್ಲಿ ಪಠ್ಯಪುಸ್ತಕಕ್ಕೇ ಪಾಠ ಹೇಳಬಲ್ಲವಳು. ಆದರೆ ಆ ತಿಳಿವಳಿಕೆಗೆ ಉತ್ತರಪತ್ರಿಕೆಯಲ್ಲಿ ಜಾಗವಿಲ್ಲ.

ಶಾಲಾ ಪಠ್ಯಕ್ರಮದಲ್ಲಿ ಸುಸ್ಥಿರತೆಯನ್ನು ಸೇರಿಸಬೇಕು ಎಂಬ ಮಾತನ್ನು ಯಾರೂ ವಿರೋಧಿಸುವುದಿಲ್ಲ. ಗೊಂದಲವೆಲ್ಲ ಎಲ್ಲಿ, ಹೇಗೆ ಸೇರಿಸಬೇಕು ಎಂಬುದರಲ್ಲಿದೆ. ಹೊಸದೊಂದು ಪುಸ್ತಕ ಬೇಕೆ? ಇರುವ ಪಾಠಗಳ ಕೊನೆಗೆ ಒಂದು ಚೌಕಟ್ಟು ಹಾಕಿ ‘ಪರಿಸರ ಉಳಿಸಿ’ ಎಂದರೆ ಸಾಕೆ? ಜೂನ್ 5ಕ್ಕೆ ಸಸಿ ನೆಟ್ಟು ಫೋಟೊ ಕಳಿಸಿದರೆ ಮುಗಿಯಿತೆ? ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳನ್ನು ಕಣ್ಣ ಮುಂದಿಟ್ಟುಕೊಂಡರೆ ಈ ಪ್ರಶ್ನೆಗಳಿಗೆ ಸಾಕಷ್ಟು ನಿಖರವಾದ ಉತ್ತರ ಸಿಗುತ್ತದೆ. ಒಂದು ಬಯಲುಸೀಮೆಯ ಒಣನೆಲ, ಇನ್ನೊಂದರ ದೊಡ್ಡ ಭಾಗ ಭದ್ರಾ ನಾಲೆಯ ಅಚ್ಚುಕಟ್ಟು. ಪಕ್ಕಪಕ್ಕದಲ್ಲೇ ಇದ್ದರೂ ಎರಡರ ಚಿಂತೆಗಳು ಬೇರೆ ಬೇರೆ.

ಮೊದಲು ಅರ್ಥ ತಿಳಿದುಕೊಳ್ಳೋಣ. 1987ರಲ್ಲಿ ವಿಶ್ವಸಂಸ್ಥೆಯ ಬ್ರುಂಟ್‌ಲೆಂಡ್ ಆಯೋಗ ಸುಸ್ಥಿರ ಅಭಿವೃದ್ಧಿಗೆ ಕೊಟ್ಟ ವ್ಯಾಖ್ಯೆ ಇಂದಿಗೂ ಚಾಲ್ತಿಯಲ್ಲಿದೆ: ಮುಂದಿನ ಪೀಳಿಗೆಯವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಧಕ್ಕೆ ಬಾರದಂತೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದು. ಎಂಥ ಬರಗಾಲದಲ್ಲೂ ರೈತರ ಮನೆಯಲ್ಲಿ ಬಿತ್ತನೆಗೆಂದು ತೆಗೆದಿಟ್ಟ ಶೇಂಗಾ ಚೀಲಕ್ಕೆ ಕೈಹಾಕುವುದಿಲ್ಲವಲ್ಲ, ಅದೇ ನಿಯಮವನ್ನು ನೀರಿಗೆ, ಮಣ್ಣಿಗೆ, ಹುಲ್ಲುಗಾವಲಿಗೆ, ಗಾಳಿಗೆ ಅನ್ವಯಿಸಿದರೆ ಆಯಿತು. ಎಷ್ಟಿದೆ, ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಯಾರ ಪಾಲಿಗೆ ಹೋಗುತ್ತದೆ, ಕೊನೆಗೆ ಯಾರಿಗೆ ಇಲ್ಲವಾಗುತ್ತದೆ? ಈ ಐದು ಪ್ರಶ್ನೆಗಳಲ್ಲಿ ಮೂರು ಗಣಿತಕ್ಕೆ ಸೇರಿದವು, ಎರಡು ಸಮಾಜ ವಿಜ್ಞಾನಕ್ಕೆ. ಕಾರಣ ಕೇಳಿದರೆ ವಿಜ್ಞಾನ ಬರುತ್ತದೆ. ಪರಿಸರ ಪ್ರೇಮದ ಘೋಷಣೆ ಇವುಗಳಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಒತ್ತಾಸೆಯೂ ಹಳೆಯದೇ. 1976ರ 42ನೇ ತಿದ್ದುಪಡಿಯಲ್ಲಿ ಪರಿಸರ ರಕ್ಷಣೆ ನಾಗರಿಕರ ಮೂಲಭೂತ ಕರ್ತವ್ಯಗಳ ಪಟ್ಟಿಗೆ ಸೇರಿತು. ವಕೀಲ ಎಂ.ಸಿ. ಮೆಹ್ತಾ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ, ಶಾಲಾ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ಹೇಳಿತು. ಚಿತ್ರಮಂದಿರಗಳಲ್ಲಿ ಪರಿಸರ ಸಂದೇಶದ ಸ್ಲೈಡ್ ತೋರಿಸಬೇಕೆಂದದ್ದೂ ಅದೇ ಆದೇಶ. ಆದೇಶ ಸರಿಯಾಗಿ ಜಾರಿಯಾಗದೆ 2003ರಲ್ಲಿ ನ್ಯಾಯಾಲಯ ಮತ್ತೆ ಚಾಟಿ ಬೀಸಿದ ಮೇಲೆ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಮಾದರಿ ಪಠ್ಯಕ್ರಮ ಸಿದ್ಧಪಡಿಸಿತು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳ ಪೈಕಿ 4.7ನೆಯ ಉಪಗುರಿಯಲ್ಲಿ ಸುಸ್ಥಿರತೆಯ ಶಿಕ್ಷಣವೂ ಸೇರಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದರ ಮಾತಿದೆ. ಇಷ್ಟೆಲ್ಲ ಇದ್ದೂ, ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಕೈಬಿಟ್ಟ ಪಾಠಗಳಲ್ಲಿ ‘ನೈಸರ್ಗಿಕ ಸಂಪನ್ಮೂಲಗಳ ಸುಸ್ಥಿರ ನಿರ್ವಹಣೆ’ ಎಂಬುದೂ ಒಂದು. ಪ್ರತ್ಯೇಕ ಪಾಠವಾಗಿ ಕೂತದ್ದನ್ನು ಎತ್ತಿ ಹಾಕುವುದು ಎಷ್ಟು ಸುಲಭ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಳವಡಿಕೆಗೆ ಮುಖ್ಯವಾಗಿ ಮೂರು ದಾರಿಗಳನ್ನು ಹೇಳುತ್ತಾರೆ. ಪ್ರತ್ಯೇಕ ವಿಷಯ ಮಾಡುವುದು ಒಂದು. ಅದಕ್ಕೆ ಪುಸ್ತಕ, ಪೀರಿಯಡ್, ಶಿಕ್ಷಕರು ಎಲ್ಲ ಹೊಸದಾಗಿ ಬೇಕು. ಇಬ್ಬರೇ ಶಿಕ್ಷಕರು ಐದು ತರಗತಿ ನಡೆಸುವ ಹಳ್ಳಿ ಶಾಲೆಯಲ್ಲಿ ಇದು ಕನಸಿನ ಮಾತು. ಇರುವ ವಿಷಯಗಳ ಒಳಗೇ ಬೆರೆಸುವುದು ಎರಡನೆಯದು. ಒಂದರಿಂದ ಐದನೇ ತರಗತಿಯವರೆಗೆ ನಮ್ಮಲ್ಲಿ ವಿಜ್ಞಾನ ಮತ್ತು ಸಮಾಜ ಒಟ್ಟಾಗಿ ‘ಪರಿಸರ ಅಧ್ಯಯನ’ವಾಗಿರುವುದರಿಂದ ಅಲ್ಲಿ ಈ ಬೆರಕೆ ಸಹಜವಾಗಿದೆ. ಆರನೆಯ ತರಗತಿಗೆ ಬಂದ ಕೂಡಲೇ ವಿಷಯಗಳು ಕವಲೊಡೆಯುತ್ತವೆ, ಸುಸ್ಥಿರತೆ ಯಾರ ಪೀರಿಯಡ್‌ಗೂ ಸೇರದೆ ಉಳಿಯುತ್ತದೆ. ಮೂರನೆಯದು ಶಾಲೆಯನ್ನೇ ಪಾಠವಾಗಿಸುವುದು: ಅದರ ನೀರು, ವಿದ್ಯುತ್, ಬಿಸಿಯೂಟದ ಅಡುಗೆಮನೆ, ಕಸ, ಆವರಣದ ಗಿಡಮರ. ರಾಜ್ಯದ ‘ಪರಿಸರ ಮಿತ್ರ ಶಾಲೆ’ ಪ್ರಶಸ್ತಿಯ ಹಿಂದಿರುವುದು ಈ ಯೋಚನೆ. ನನ್ನ ಮಟ್ಟಿಗೆ ಎರಡನೆಯದು ಮತ್ತು ಮೂರನೆಯದು ಒಂದಕ್ಕೊಂದು ಹೆಗಲು ಕೊಟ್ಟರೆ ಮೊದಲನೆಯದರ ಅಗತ್ಯವೇ ಬೀಳುವುದಿಲ್ಲ. ಹೇಗೆಂಬುದನ್ನು ಒಂದು ಚಾವಣಿಯ ಮೇಲೆ ನಿಂತು ನೋಡೋಣ.

ಒಂದು ಮಿ.ಮೀ., ಒಂದು ಚದರ ಮೀಟರ್, ಒಂದು ಲೀಟರ್

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಈ ಒಂದು ಸೂತ್ರ ತಿಳಿದರೆ ಆರನೇ ತರಗತಿಯ ಮಗು ಇಡೀ ಊರಿನ ನೀರಿನ ಲೆಕ್ಕಕ್ಕೆ ಕೈಹಾಕಬಹುದು.

ನೂರು ಮಕ್ಕಳ ಶಾಲೆ, ಇನ್ನೂರು ಚದರ ಮೀಟರಿನ ಆರ್‌ಸಿಸಿ ಚಾವಣಿ ಎಂದಿಟ್ಟುಕೊಳ್ಳಿ. ಚಾವಣಿ ಅಳೆಯುವ ಕೆಲಸ ಮಕ್ಕಳದೇ. ಮೇಲೆ ಹತ್ತಬೇಕಾಗಿಲ್ಲ, ಕೆಳಗೆ ಗೋಡೆಯ ಉದ್ದ ಅಗಲ ಅಳೆದರೆ ಸಾಕು. ವರ್ಷದ ಮಳೆ 550 ಮಿ.ಮೀ. ಎಂದು ಹಿಡಿಯೋಣ. ಚಿತ್ರದುರ್ಗ ಜಿಲ್ಲೆಗೆ ಇದು ಒಪ್ಪುವ ಅಂದಾಜು, ಚಳ್ಳಕೆರೆ ಕಡೆ ಇನ್ನೂ ಕಡಿಮೆ. ಚಾವಣಿಗೆ ಬೀಳುವ ನೀರು 1,10,000 ಲೀಟರ್. ಆವಿಯಾಗಿ, ಚೆಲ್ಲಿ, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು ನೂರಕ್ಕೆ ಎಂಬತ್ತು ಪಾಲು ಕೈಗೆ ಸಿಕ್ಕಿತೆಂದರೆ 88,000 ಲೀಟರ್. ಮಗುವಿಗೆ 880 ಲೀಟರ್. ಶಿಕ್ಷಣ ಹಕ್ಕು ಕಾಯ್ದೆ ಹಿರಿಯ ಪ್ರಾಥಮಿಕ ತರಗತಿಗಳಿಗೆ ಕನಿಷ್ಠ 220 ದಿನಗಳ ಶಾಲೆ ನಡೆಯಬೇಕೆನ್ನುತ್ತದೆ. ಭಾಗಿಸಿದರೆ ಮಗುವಿಗೆ ದಿನಕ್ಕೆ ನಾಲ್ಕು ಲೀಟರ್.

ನಾಲ್ಕು ಲೀಟರಿನಲ್ಲಿ ಏನೇನಾಗುತ್ತದೆ? ಕುಡಿಯಲು, ಕೈ ತೊಳೆಯಲು, ತಟ್ಟೆ ತೊಳೆಯಲು ಆದೀತು. ಶೌಚಾಲಯಕ್ಕೆ ಸಾಲದು. ಇಷ್ಟು ಹೊತ್ತಿಗೆ ತರಗತಿಯಲ್ಲಿ ಜಗಳ ಶುರುವಾಗಿರುತ್ತದೆ, ಆಗಬೇಕು ಕೂಡ. ತಟ್ಟೆಗೆ ಒಂದು ಲೀಟರ್ ಬೇಕೆ ಅರ್ಧ ಸಾಕೆ, ಮೊದಲು ಬೂದಿಯಿಂದ ತಿಕ್ಕಿದರೆ ಎಷ್ಟು ಉಳಿಯುತ್ತದೆ ಎಂದು ಅಳೆದು ನೋಡುವವರೆಗೂ ಆ ಜಗಳ ನಿಲ್ಲುವುದಿಲ್ಲ.

ಆಮೇಲೆ ಬರುವುದು ನಿಜವಾದ ತೊಡಕು. ಮಳೆ ದಿನಕ್ಕಿಷ್ಟು ಎಂದು ಹಂಚಿಕೊಂಡು ಬೀಳುವುದಿಲ್ಲ. ಇಲ್ಲಿ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಳಬರ ಲೆಕ್ಕದಲ್ಲಿ ಹೇಳುವುದಾದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳು. ಶಾಲೆಯಲ್ಲಿ ಹತ್ತು ಸಾವಿರ ಲೀಟರಿನ ತೊಟ್ಟಿ ಇದ್ದರೆ ಅರವತ್ತು ಎಪ್ಪತ್ತು ಮಿ.ಮೀ. ಮಳೆಗೇ ತುಂಬಿಬಿಡುತ್ತದೆ. ಮರುದಿನದ ಮಳೆ ಚರಂಡಿಗೆ. ತುಂಬಿದ ತೊಟ್ಟಿ ದಿನಕ್ಕೆ ನಾನೂರು ಲೀಟರಿನಂತೆ ಇಪ್ಪತ್ತೈದು ದಿನ ಬಾಳುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳಲ್ಲಿ ಸುಮಾರು ನೂರು ದಿನ ಶಾಲೆ ಇರುತ್ತದೆ ಎಂದರೆ ನಲವತ್ತು ಸಾವಿರ ಲೀಟರ್ ಬೇಕು. ವರ್ಷದ ಮೊತ್ತದಲ್ಲಿ ಕೊರತೆಯೇ ಇಲ್ಲ, ಕೊರತೆ ಇರುವುದು ಹಿಡಿದಿಡುವ ಜಾಗಕ್ಕೆ. ಸರಾಸರಿ ಎಂಬುದು ಎಲ್ಲಿ ಮೋಸ ಮಾಡುತ್ತದೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಾರದು.

ಇದನ್ನು ಮುಗಿಸಿದ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದೊಯ್ದರೆ ಪ್ರವಾಸದ ಬಣ್ಣವೇ ಬದಲಾಗುತ್ತದೆ. ಸಾಮಾನ್ಯವಾಗಿ ಒನಕೆ ಓಬವ್ವನ ಕಿಂಡಿಯ ಹತ್ತಿರ ಫೋಟೊ ತೆಗೆದು, ಮದಕರಿ ನಾಯಕನ ಕಥೆ ಹೇಳಿ ಇಳಿದುಬರುತ್ತೇವೆ. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ, ಅಕ್ಕ–ತಂಗಿ ಹೊಂಡಗಳಲ್ಲಿ ನಿಂತು, ಹೆಚ್ಚಾದದ್ದು ಇಳಿಜಾರು ಹಿಡಿದು ಕೆಳಗಿನ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಪೇಟೆಯ ಸಂತೆ ಹೊಂಡಕ್ಕೆ ಹರಿಯುವಂತೆ ಪಾಳೇಗಾರರ ಕಾಲದವರು ಕಟ್ಟಿದ್ದನ್ನು ನೋಡದೆಯೇ ಬರುತ್ತೇವೆ. ನಾವು ಶಾಲೆಯ ಚಾವಣಿಗೆ ಹುಡುಕುತ್ತಿರುವ ಉತ್ತರ ಅದೇ: ಒಂದು ದೊಡ್ಡ ತೊಟ್ಟಿಗಿಂತ, ಒಂದು ತುಂಬಿದರೆ ಇನ್ನೊಂದು ಹಿಡಿಯುವ ಸಾಲು. ಇತಿಹಾಸದ ಪೀರಿಯಡ್‌ನಲ್ಲಿ ಎಂಜಿನಿಯರಿಂಗ್ ಕಲಿಸಲು ಯಾವ ಹೊಸ ಪುಸ್ತಕವೂ ಬೇಕಾಗಿಲ್ಲ.

ರಸಾಯನವಿಜ್ಞಾನಕ್ಕೂ ಈ ಚಾವಣಿಯಲ್ಲಿ ಪಾಲಿದೆ. ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಗಟ್ಟಿ ಶಿಲೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವರ್ಷಗಟ್ಟಲೆ ಕುಡಿದವರಿಗೆ ಮೂಳೆ ಬಾಧೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. ಅಂದಮೇಲೆ ಆ ನಾಲ್ಕು ಲೀಟರನ್ನು ಮೊದಲು ಯಾವುದಕ್ಕೆ ಮೀಸಲಿಡಬೇಕು, ಕುಡಿಯುವುದಕ್ಕೋ ಬಿಸಿಯೂಟಕ್ಕೋ ಕೈ ತೊಳೆಯುವುದಕ್ಕೋ? ಊರಿನ ಶುದ್ಧ ಕುಡಿಯುವ ನೀರಿನ ಘಟಕ ಒಂದು ಕೊಡ ಒಳ್ಳೆಯ ನೀರು ಕೊಡುವಾಗ ಎಷ್ಟು ನೀರನ್ನು ಹೊರಚೆಲ್ಲುತ್ತದೆ ಎಂದೂ ಮಕ್ಕಳು ಬಕೆಟ್ ಹಿಡಿದು ಅಳೆಯಬಹುದು. ಒಂದು ಎಚ್ಚರಿಕೆ: ತರಗತಿಯಲ್ಲಿ ಕಲೆಯ ಹಲ್ಲಿನ ಮಕ್ಕಳೇ ಕೂತಿರುತ್ತಾರೆ. ಅವರನ್ನು ನಿಲ್ಲಿಸಿ ಉದಾಹರಣೆ ಮಾಡಬಾರದು.

ಯಾರ ನೀರು, ಯಾರ ಹೊಗೆ, ಯಾರ ಹುಲ್ಲು

ಲೆಕ್ಕ ದೊಡ್ಡದಾದಂತೆ ನ್ಯಾಯದ ಪ್ರಶ್ನೆ ಏಳುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರವನ್ನು ತೆಗೆದುಕೊಳ್ಳಿ. ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು, ಪೂರ್ಣ ಮಟ್ಟ 130 ಅಡಿ. 1933ರಲ್ಲಿ ತುಂಬಿದ್ದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಬಳಿಕ. ನೀರಿನ ಮಟ್ಟವನ್ನು ವರ್ಷವಾರು ನಕ್ಷೆಗೆ ಇಳಿಸಿದರೆ ಎಂಟನೇ ತರಗತಿಯ ದತ್ತಾಂಶದ ಪಾಠ ಅಲ್ಲಿಗೆ ಮುಗಿಯಿತು. ಮುಗಿಯದೆ ಉಳಿಯುವುದು ಮುಂದಿನ ಪ್ರಶ್ನೆ: ಆ ಸಲ ಬಂದ ಭಾರಿ ಮಳೆಯ ಜೊತೆಗೆ, ಹಿಂದಿನ ವರ್ಷಗಳಲ್ಲಿ, ಭದ್ರಾ ನದಿಯ ನೀರನ್ನು ಒಣ ಜಿಲ್ಲೆಗಳಿಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯಿಂದ ಹರಿಸಿದ ನೀರೂ ಅಲ್ಲಿತ್ತು. ಹಿರಿಯೂರಿನ ಹುಡುಗನಿಗೆ ಅದು ಹಬ್ಬ. ಅದೇ ಭದ್ರಾ ನೀರನ್ನೇ ನಂಬಿದ ದಾವಣಗೆರೆ ಕಡೆಯ ನಾಲೆಯ ಕೊನೆಯಂಚಿನ ರೈತನ ಮಗಳಿಗೆ, ತಮ್ಮ ಗದ್ದೆಗೆ ನೀರು ತಲುಪುತ್ತದೋ ಇಲ್ಲವೋ ಎಂಬ ಆತಂಕ. ಇಬ್ಬರೂ ಸರಿಯೆ. ಒಂದು ಕಿಲೋ ಭತ್ತ ಬೆಳೆಯಲು ಸರಾಸರಿ 2,500 ಲೀಟರ್ ನೀರು ಬೇಕೆಂಬ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಅಂದಾಜನ್ನು ಇಬ್ಬರ ಮುಂದೆಯೂ ಇಟ್ಟರೆ ಮಾತು ಇನ್ನಷ್ಟು ಬಿಸಿಯಾಗುತ್ತದೆ. ಶಿಕ್ಷಕರು ತೀರ್ಪು ಕೊಡಬೇಕಿಲ್ಲ. ಎರಡೂ ಕಡೆಯ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದರೆ ಸಾಕು.

ದಾವಣಗೆರೆ ಪೇಟೆಯ ಮಕ್ಕಳಿಗೆ ಮಂಡಕ್ಕಿ ಭಟ್ಟಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇರೆ ಬೇಕೆ? ಕಾದ ಮರಳಿಗೆ ಅಕ್ಕಿ ಬಿದ್ದು, ಒಳಗಿನ ತೇವ ಆವಿಯಾಗಿ ಸಿಡಿದು ಅರಳಿ, ಜರಡಿಯಲ್ಲಿ ಮರಳು ಕೆಳಗಿಳಿದು ಮಂಡಕ್ಕಿ ಮೇಲುಳಿಯುವಷ್ಟರಲ್ಲಿ ಉಷ್ಣವಹನ, ಆವೀಕರಣ, ಬೇರ್ಪಡಿಸುವ ವಿಧಾನ ಎಲ್ಲವೂ ಆಗಿಹೋಗಿರುತ್ತದೆ. ಒಲೆಗೆ ಏನು ಹಾಕುತ್ತಾರೆ ಎಂದು ಕೇಳಿದರೆ ಎಂಟನೇ ತರಗತಿಯ ದಹನದ ಪಾಠ ತೆರೆದುಕೊಳ್ಳುತ್ತದೆ. ಭತ್ತದ ಹೊಟ್ಟು ಹೇಗೆ ಉರಿಯುತ್ತದೆ, ಒಂದು ಕಾಲಕ್ಕೆ ದೊಡ್ಡ ದೂರಿಗೆ ಕಾರಣವಾಗಿದ್ದ ಹಳೆ ಟೈರು ಹೇಗೆ ಉರಿಯುತ್ತದೆ, ಆಮ್ಲಜನಕ ಸಾಲದೆ ಉರಿದರೆ ಏನೇನು ಹೊಗೆಯಲ್ಲಿ ಹೋಗುತ್ತದೆ? ಆ ಹೊಗೆಯನ್ನು ಮೊದಲು ಕುಡಿಯುವವರು ಭಟ್ಟಿಯ ಮುಂದೆ ನಿಂತ ಕೂಲಿಯವರು. ಭಟ್ಟಿ ಮುಚ್ಚಿದರೆ ಮೊದಲು ಕೆಲಸ ಕಳೆದುಕೊಳ್ಳುವವರೂ ಅವರೇ. ಇದನ್ನು ಬಿಟ್ಟು ‘ವಾಯುಮಾಲಿನ್ಯ ತಡೆಗಟ್ಟುವ ಕ್ರಮಗಳು’ ಎಂದು ಬರೆಸಿದರೆ ಮಕ್ಕಳು ಕಾರ್ಖಾನೆಯ ಚಿಮಣಿಯ ಚಿತ್ರ ಬಿಡಿಸಿ ಮುಗಿಸುತ್ತಾರೆ, ಅದೂ ಭಟ್ಟಿಯ ಹೊಗೆ ಕಿಟಕಿಯಲ್ಲಿ ಕಾಣುವ ಶಾಲೆಯಲ್ಲಿ.

ಸಸಿ ನೆಡುವುದರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಬಯಲುಸೀಮೆಯಲ್ಲಿ ಜೂನ್ ಮೊದಲ ವಾರ ನೆಟ್ಟ ಸಸಿ ಮುಂದಿನ ಬೇಸಿಗೆ ದಾಟಬೇಕು. ನೆತ್ತಿ ಸುಡುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ, ನೀರೆರೆಯುವವರಿಲ್ಲ. ಮುಂದಿನ ಜೂನ್‌ಗೆ ಅದೇ ಗುಂಡಿಯಲ್ಲಿ ಹೊಸ ಸಸಿ, ಹೊಸ ಫೋಟೊ. ಎಷ್ಟು ನೆಟ್ಟೆವು ಎಂಬ ವರದಿಯ ಜಾಗದಲ್ಲಿ ಹೋದ ವರ್ಷದ್ದು ಎಷ್ಟು ಬದುಕಿವೆ ಎಂಬ ವರದಿ ಕೇಳಿದರೆ ಇಲಾಖೆಯ ಕಾಗದ ಕಡಿಮೆಯಾಗಿ ಹೊಂಗೆ, ಬೇವು ಹೆಚ್ಚಾಗುತ್ತವೆ.

ಎಲ್ಲೆಂದರಲ್ಲಿ ಮರ ನೆಡುವುದೂ ಸುಸ್ಥಿರತೆಯಲ್ಲ. ಚಳ್ಳಕೆರೆ ಸುತ್ತಲಿನ ಅಮೃತಮಹಲ್ ಕಾವಲುಗಳು ಹುಲ್ಲುಗಾವಲುಗಳು. ಮೈಸೂರು ಅರಸರ ಕಾಲದಿಂದ ಸೈನ್ಯದ ದನಗಳಿಗೆ ಮೀಸಲಾಗಿದ್ದವು. ಕೃಷ್ಣಮೃಗ ಮೇಯುವುದು ಇಂಥ ಬಯಲಿನಲ್ಲಿ, ಅಳಿವಿನಂಚಿನ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಕಾಣಿಸಿಕೊಂಡಿದ್ದದ್ದೂ ಇಲ್ಲೇ. ಸುತ್ತಲಿನ ಹಳ್ಳಿಗಳ ಕುರಿಗಾಹಿಗಳಿಗೂ ಕಂಬಳಿ ನೇಯುವವರಿಗೂ ಅನ್ನ ಕೊಟ್ಟದ್ದು ಈ ಹುಲ್ಲು. 2010ರ ಆಸುಪಾಸಿನಲ್ಲಿ ಕುದಾಪುರದ ಸುತ್ತ ಸುಮಾರು ಹತ್ತು ಸಾವಿರ ಎಕರೆ ಕಾವಲು ಭೂಮಿ ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಮಂಜೂರಾಗಿ, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ದೇಶಕ್ಕೆ ವಿಜ್ಞಾನವೂ ಬೇಕು, ಊರಿಗೆ ಹುಲ್ಲೂ ಬೇಕು. ಒಂಬತ್ತನೇ ತರಗತಿಯ ಚರ್ಚಾಕೂಟಕ್ಕೆ ‘ಟಿ.ವಿ.ಯಿಂದ ಲಾಭವೋ ನಷ್ಟವೋ’ ಎಂಬ ಹಳೆ ವಿಷಯವನ್ನು ಬಿಟ್ಟು ಇದನ್ನು ಕೊಡಬಾರದೇಕೆ? ಜೋಗಿಮಟ್ಟಿಯ ಗಾಳಿಯಂತ್ರಗಳದೂ ಹೀಗೇ. ಹೊಗೆಯಿಲ್ಲದ ವಿದ್ಯುತ್ತು ನಿಜ, ಗುಡ್ಡದ ತುದಿಗೆ ಕೊರೆದ ರಸ್ತೆಯೂ ನಿಜ.

ಪ್ರಶ್ನೆಪತ್ರಿಕೆ ಬದಲಾಗದೆ

ಇಷ್ಟೆಲ್ಲ ಕೇಳಿದ ಶಿಕ್ಷಕರು ಒಂದೇ ಮಾತು ಕೇಳುತ್ತಾರೆ: ‘ಸರ್, ಇದು ಪರೀಕ್ಷೆಗೆ ಬರುತ್ತದೆಯೆ?’ ಅವರನ್ನು ದೂರುವಂತಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಜಿಲ್ಲೆ ಎಷ್ಟನೇ ಸ್ಥಾನದಲ್ಲಿದೆ ಎಂಬುದೊಂದೇ ಅವರ ಕೆಲಸದ ಅಳತೆಗೋಲಾಗಿರುವಾಗ ಚಾವಣಿ ಅಳೆಯಲು ಪುರುಸೊತ್ತು ಎಲ್ಲಿಂದ ಬರಬೇಕು?

ಆದರೂ ಸಂದಿ ಇದೆ. ನಮ್ಮಲ್ಲಿ ಕಲಿಕೆಯ ನಡುವೆಯೇ ಮಕ್ಕಳನ್ನು ಅಳೆಯುವ ರೂಪಣಾತ್ಮಕ ಮೌಲ್ಯಮಾಪನ ವರ್ಷಕ್ಕೆ ನಾಲ್ಕು ಸಲ ನಡೆಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲೂ ಹೆಚ್ಚಿನ ವಿಷಯಗಳಿಗೆ ಇಪ್ಪತ್ತು ಅಂಕ ಆಂತರಿಕ. ಚಟುವಟಿಕೆ, ಯೋಜನಾ ಕಾರ್ಯ ಎಂದು ಆಗಲೇ ಅಂಕ ಕೊಡುತ್ತಿದ್ದೇವೆ. ಸದ್ಯಕ್ಕೆ ಅದು ಬಹುಪಾಲು ಚಾರ್ಟ್ ಪೇಪರ್ ಮತ್ತು ಥರ್ಮಾಕೋಲ್ ಅಂಗಡಿಗಳ ಲಾಭಕ್ಕೆ ನಡೆಯುತ್ತಿದೆ. ‘ಪ್ಲಾಸ್ಟಿಕ್ ತ್ಯಜಿಸಿ’ ಎಂಬ ಥರ್ಮಾಕೋಲ್ ಮಾದರಿಗೆ ಹತ್ತಕ್ಕೆ ಒಂಬತ್ತು ಅಂಕ ಹಾಕಿದ ಶಾಲೆಗಳಿಗೇನೂ ಕೊರತೆಯಿಲ್ಲ. ಆ ಅಂಕಗಳನ್ನೇ ಅಳತೆಯ ಕೆಲಸಕ್ಕೆ ತಿರುಗಿಸಬಹುದು. ಮಗು ತಾನೇ ಅಳೆದ ಅಂಕಿ ಇದೆಯೆ, ಅಳತೆಯಲ್ಲಿ ಎಲ್ಲಿ ತಪ್ಪಿರಬಹುದು ಎಂದು ಹೇಳುತ್ತದೆಯೆ, ತನಗಿಂತ ಬೇರೆಯಾಗಿ ಯೋಚಿಸುವವರ ಮಾತನ್ನು ನ್ಯಾಯವಾಗಿ ಬರೆದಿದೆಯೆ ಎಂಬ ಮೂರನ್ನು ನೋಡಿ ಅಂಕ ಹಾಕಿದರೆ ಅಂತರ್ಜಾಲದಿಂದ ನಕಲು ಮಾಡಿದ ಪುಟಗಳು ತಾವಾಗಿಯೇ ಉದುರುತ್ತವೆ. ಪ್ರಶ್ನೆಗಳೂ ಹಾಗೆಯೇ. ‘ನಿಮ್ಮ ಮನೆಯ ವಿದ್ಯುತ್ ಬಿಲ್‌ನಲ್ಲಿ ಹೋದ ತಿಂಗಳು ಎಷ್ಟು ಯೂನಿಟ್? ಎರಡು ಹಳೆ ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ಎಷ್ಟಾಗಬಹುದು?’ ಎಂಬುದಕ್ಕೆ ಗೈಡ್‌ನಲ್ಲಿ ಉತ್ತರವಿರುವುದಿಲ್ಲ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಿಲ್ಲಿನ ಮೊತ್ತ ಸೊನ್ನೆಯಾಗಿರಬಹುದು, ಯೂನಿಟ್ ಸೊನ್ನೆಯಾಗಿಲ್ಲ ಎಂಬುದನ್ನು ಮಕ್ಕಳು ಅಪ್ಪ ಅಮ್ಮನಿಗಿಂತ ಬೇಗ ಹಿಡಿಯುತ್ತಾರೆ.

ಕೆಲಸವನ್ನು ಎಲ್ಲ ವಿಷಯಗಳಲ್ಲೂ ಒಮ್ಮೆಗೇ ಶುರು ಮಾಡಬಾರದು. ವರ್ಷಕ್ಕೊಂದು ವಸ್ತು ಹಿಡಿದು, ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ನಾಲ್ಕೈದು ಶಾಲೆಯವರು ಪಾಠ ಯೋಜನೆ ಹಂಚಿಕೊಂಡರೆ ಹೊರೆ ಹಗುರ. ನೀರಿನಿಂದ ಆರಂಭಿಸುವುದು ಲೇಸು, ಉಪಕರಣ ಬೇಡ. ನೇರ ಗೋಡೆಯ ಒಂದು ಡಬ್ಬಿ, ಒಂದು ಸ್ಕೇಲು, ಒಂದು ನೋಟ್‌ಬುಕ್ ಇದ್ದರೆ ಮಳೆಮಾಪನ ಕೇಂದ್ರ ಸಿದ್ಧ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಓದಿ ಬರೆಯಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇರುವುದರಿಂದ ತಮ್ಮ ಅಂಕಿಯನ್ನು ಅದರೊಂದಿಗೆ ಹೋಲಿಸಿ ನೋಡಬಹುದು. ವ್ಯತ್ಯಾಸ ಬಂದರೆ ಅದೂ ಒಂದು ಪಾಠ. ಈ ಮಳೆಯ ಪುಸ್ತಕ ಶಿಕ್ಷಕರ ಹೆಸರಿನಲ್ಲಿ ಇರದೆ ಶಾಲೆಯ ಹೆಸರಿನಲ್ಲಿ, ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ದಾಖಲೆಗಳ ಜೊತೆ ಇರಬೇಕು. ವರ್ಗಾವಣೆಯ ಕೌನ್ಸೆಲಿಂಗ್ ಮುಗಿದ ಮರುದಿನ ಪರಿಸರ ಕ್ಲಬ್ಬೂ ಊರು ಬಿಡುವುದನ್ನು ಬೇಕಾದಷ್ಟು ಕಡೆ ನೋಡಿದ್ದೇವೆ.

ಆ ಅಂಕಿಗಳಿಗೆ ಕಿವಿಗೊಡಬೇಕಾದ ಜಾಗವೂ ಆಗಲೇ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಹೆಚ್ಚಿನ ಕಡೆ ಅಲ್ಲಿ ಮಕ್ಕಳು ಆಟದ ಮೈದಾನ ಬೇಕು, ಕಾಂಪೌಂಡ್ ಬೇಕು ಎನ್ನುತ್ತಾರೆ, ಅಧ್ಯಕ್ಷರು ನೋಡೋಣ ಎನ್ನುತ್ತಾರೆ. ‘ನಮ್ಮ ಚಾವಣಿಗೆ ವರ್ಷಕ್ಕೆ ಇಷ್ಟು ಸಾವಿರ ಲೀಟರ್ ಬೀಳುತ್ತದೆ, ಒಣ ತಿಂಗಳುಗಳಿಗೆ ನಲವತ್ತು ಸಾವಿರ ಬೇಕು, ಇರುವ ತೊಟ್ಟಿ ಹತ್ತು ಸಾವಿರದ್ದು, ಕೊಳವೆಬಾವಿಯ ಫ್ಲೋರೈಡ್ ಇಷ್ಟು’ ಎಂದು ಏಳನೇ ತರಗತಿಯವರು ಹಾಳೆ ಹಿಡಿದು ನಿಂತರೆ ಹಾಗೆ ತಳ್ಳಿಹಾಕುವುದು ಕಷ್ಟ. ಹಣಕಾಸು ಆಯೋಗದ ಅನುದಾನದಲ್ಲಿ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಾದ ಪಾಲು ಇರುತ್ತದೆ. ಚಾವಣಿಯ ಅಂಚಿಗೆ ಪೈಪು, ಪಕ್ಕಕ್ಕೆ ಇನ್ನೊಂದು ತೊಟ್ಟಿ ಎಂದು ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಬರೆಸುವುದು ಹೇಗೆ, ಅರ್ಜಿಗೆ ಹಿಂಬರಹ ಪಡೆಯುವುದು ಹೇಗೆ ಎಂಬುದು ಪೌರನೀತಿ ಪಾಠದ ಪ್ರಾಯೋಗಿಕ ಭಾಗ. ಸಭೆ ಸಾಮಾನ್ಯವಾಗಿ ನವೆಂಬರ್‌ನ ಆಸುಪಾಸಿನಲ್ಲಿ ನಡೆಯುತ್ತದೆ. ಮಳೆಯ ಪುಸ್ತಕವನ್ನು ಜೂನ್‌ನಲ್ಲಿ ತೆರೆದರೆ ಅಷ್ಟರೊಳಗೆ ಸ್ವಾತಿ ಮಳೆಯ ಲೆಕ್ಕವೂ ಅದರಲ್ಲಿ ಸೇರಿರುತ್ತದೆ.